ಪರದೇಶದಲ್ಲಿ ಸ್ಟೀರಿಂಗ್ ಹಿಡಿಯುವ ಮುನ್ನ

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಒಂದು ಕೈಯಲ್ಲಿದ್ದರೆ ಜಗತ್ತಿನ ಯಾವ ಮೂಲೆಯಲ್ಲಾದರೂ ಕಾರು ಓಡಿಸಬಹುದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ಅರ್ಧ ಮಾತ್ರ ನಿಜ. ಐಡಿಪಿ ಎಂದು ಚಿಕ್ಕದಾಗಿ ಕರೆಯುವ ಈ ಪುಸ್ತಿಕೆ ನಿಮ್ಮ ಡಿಎಲ್‌ನಲ್ಲಿರುವ ವಿವರಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ಓದಿ ಹೇಳುತ್ತದೆ, ಅಷ್ಟೇ. ಗಾಡಿ ಓಡಿಸುವ ಹಕ್ಕು ಇರುವುದು ಮೂಲ ಡಿಎಲ್‌ನಲ್ಲಿ. ಡಿಎಲ್ ಮನೆಯಲ್ಲಿ ಬಿಟ್ಟು ಐಡಿಪಿ ಮಾತ್ರ ತೆಗೆದುಕೊಂಡು ಹೋದರೆ ಬಾಡಿಗೆ ಕಾರಿನ ಕೌಂಟರ್‌ನಲ್ಲೇ ನಿಮ್ಮ ಪ್ರವಾಸ ನಿಲ್ಲುತ್ತದೆ. ಮೊಬೈಲಿನ ಡಿಜಿಲಾಕರ್‌ನಲ್ಲಿರುವ ಡಿಎಲ್ ಬೆಂಗಳೂರಿನ ಟ್ರಾಫಿಕ್ ಪೊಲೀಸರಿಗೆ ನಡೆಯುತ್ತದೆ, ಮಿಲಾನ್‌ನ ಪೊಲೀಸರಿಗೆ ನಡೆಯುವುದಿಲ್ಲ. ಕಾರ್ಡ್ ಕಿಸೆಯಲ್ಲೇ ಇರಬೇಕು.

ಮಕ್ಕಳ ಮನೆಗೆಂದು ಅಮೆರಿಕಕ್ಕೋ ಇಂಗ್ಲೆಂಡಿಗೋ ಹೊರಡುವ ತಂದೆತಾಯಂದಿರು, ಯುರೋಪಿನಲ್ಲಿ ಕಾರು ಬಾಡಿಗೆಗೆ ಹಿಡಿದು ಸುತ್ತುವ ಕುಟುಂಬಗಳು, ಥಾಯ್ಲೆಂಡಿನಲ್ಲಿ ಸ್ಕೂಟರ್ ಹತ್ತುವ ಹುಡುಗರು ನಮ್ಮಲ್ಲಿ ಹೆಚ್ಚುತ್ತಲೇ ಇದ್ದಾರೆ. ಇವರಿಗೆ ಎರಡು ಸಿದ್ಧತೆ ಬೇಕು. ಒಂದು ಕಾಗದದ್ದು, ಇನ್ನೊಂದು ರಸ್ತೆಯದ್ದು. ಕಾಗದಕ್ಕೆ ವಾರಗಟ್ಟಲೆ ಓಡಾಡುವ ನಾವು ರಸ್ತೆಯ ನಿಯಮ ಓದಲು ಒಂದು ಸಂಜೆಯನ್ನೂ ಮೀಸಲಿಡುವುದಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಆದರೂ ಕಾಗದದಿಂದಲೇ ಶುರು ಮಾಡೋಣ.

ಆರ್‌ಟಿಒ ಕೆಲಸ

ಐಡಿಪಿಗೆ ಅರ್ಜಿ ಹಾಕಬೇಕಾದ ಜಾಗ ಪರಿವಾಹನ್ ಜಾಲತಾಣದ ಸಾರಥಿ ವಿಭಾಗ. ಕರ್ನಾಟಕ ಆಯ್ದುಕೊಂಡು, ಡಿಎಲ್ ಸಂಖ್ಯೆ ನಮೂದಿಸಿ, ಪಾಸ್‌ಪೋರ್ಟ್ ಪ್ರತಿ ಸೇರಿಸಿ, 1,000 ರೂಪಾಯಿ ಶುಲ್ಕ ಕಟ್ಟಬೇಕು. ಅರ್ಜಿ ನಮೂನೆಯ ಹೆಸರು 4ಎ. ಕಾಯಂ ಡಿಎಲ್ ಇದ್ದವರಿಗಷ್ಟೇ ಇದು ಸಿಗುತ್ತದೆ, ಎಲ್‌ಎಲ್ ಇದ್ದವರಿಗಿಲ್ಲ. ಹಿಂದೆ ವೈದ್ಯಕೀಯ ಪ್ರಮಾಣಪತ್ರ ಮತ್ತು ವೀಸಾ ಎರಡನ್ನೂ ತೋರಿಸಬೇಕಿತ್ತು. ಅಲ್ಲಿಗೆ ಹೋಗಿ ಇಳಿದ ಮೇಲೆ ವೀಸಾ ಕೊಡುವ ದೇಶಗಳಿಗೆ ಹೊರಟವರು ಇದರಿಂದ ಪೇಚಿಗೆ ಸಿಲುಕುತ್ತಿದ್ದರು. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆ ಎರಡೂ ಷರತ್ತುಗಳನ್ನು ತೆಗೆಯಿತು. ವಿದೇಶದಲ್ಲಿದ್ದಾಗಲೇ ಐಡಿಪಿ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಹೊಸದಕ್ಕೆ ಅರ್ಜಿ ಸಲ್ಲಿಸುವ ದಾರಿಯನ್ನೂ ಆಗಲೇ ತೆರೆಯಿತು. 2022ರ ಆಗಸ್ಟ್‌ನಲ್ಲಿ ಇಡೀ ದೇಶಕ್ಕೆ ಒಂದೇ ಮಾದರಿಯ ಐಡಿಪಿ ಬಂತು. ಅದರ ಮೇಲಿನ ಕ್ಯೂಆರ್ ಕೋಡ್ ಅದನ್ನು ನಿಮ್ಮ ಡಿಎಲ್‌ಗೆ ಜೋಡಿಸುತ್ತದೆ.

ಇದರ ಆಯಸ್ಸು ಹೆಚ್ಚೆಂದರೆ ಒಂದು ವರ್ಷ. ಡಿಎಲ್ ಅದಕ್ಕೂ ಮೊದಲೇ ಮುಗಿಯುವುದಿದ್ದರೆ ಅಲ್ಲಿಗೇ ಇದೂ ಮುಗಿಯುತ್ತದೆ. ಆದ್ದರಿಂದ ಬಹಳ ಮುಂಚೆಯೇ ಮಾಡಿಸಿಟ್ಟುಕೊಂಡು ಲಾಭವಿಲ್ಲ. ಹೊರಡುವ ತಿಂಗಳ ಮುಂಚೆ ಕೈ ಹಾಕಿದರೆ ಸರಿ. ಮೂರು ವರ್ಷ, ಹತ್ತು ವರ್ಷ, ಇಪ್ಪತ್ತು ವರ್ಷ ನಡೆಯುವ 'ಅಂತರರಾಷ್ಟ್ರೀಯ ಲೈಸೆನ್ಸ್' ಮನೆ ಬಾಗಿಲಿಗೇ ಕಳಿಸುತ್ತೇವೆಂಬ ಜಾಹೀರಾತುಗಳು ಅಂತರ್ಜಾಲದಲ್ಲಿ ಬೇಕಾದಷ್ಟು ಸಿಗುತ್ತವೆ. ಭಾರತದ ಡಿಎಲ್‌ ಮೇಲೆ ಅಷ್ಟು ಅವಧಿಯ ಐಡಿಪಿ ಕೊಡುವುದು ಕಾನೂನಿನಲ್ಲೇ ಇಲ್ಲ. ಅಂಥ ಪ್ಲಾಸ್ಟಿಕ್ ಕಾರ್ಡಿಗೆ ದುಡ್ಡು ಸುರಿಯಬೇಡಿ.

ಅರ್ಜಿ ಹಾಕುವ ಮುನ್ನ ಡಿಎಲ್ ಮತ್ತು ಪಾಸ್‌ಪೋರ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಕಡೆಯವರಿಗೆ ಇದು ನಿಜವಾದ ತೊಡಕು. ಹಳೆಯ ಡಿಎಲ್‌ನಲ್ಲಿ 'ಮಂಜುನಾಥ ಎಸ್.' ಎಂದಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಜಾಗದಲ್ಲಿ ಬರೆದಿರುತ್ತಾರೆ. ಮದುವೆಯ ನಂತರ ಪಾಸ್‌ಪೋರ್ಟ್ ಮಾಡಿಸಿದ ಹೆಣ್ಣುಮಕ್ಕಳದ್ದೂ ಇದೇ ಕಥೆ. ನಮಗೆ ಇಬ್ಬರೂ ಒಬ್ಬರೇ ಎಂದು ಗೊತ್ತು. ಡಿಎಲ್, ಪಾಸ್‌ಪೋರ್ಟ್, ಕ್ರೆಡಿಟ್ ಕಾರ್ಡ್ ಮೂರರಲ್ಲೂ ಒಂದೇ ಹೆಸರು ಹುಡುಕುವ ಪರದೇಶದ ಗುಮಾಸ್ತರಿಗೆ ಅದು ಗೊತ್ತಾಗುವುದಿಲ್ಲ. ಹೆಸರು ತಿದ್ದುಪಡಿಗೂ ಆರ್‌ಟಿಒದಲ್ಲೇ ಅವಕಾಶವಿದೆ. ಮೊದಲು ಅದನ್ನು ಮುಗಿಸಿ.

ಹಾಗೆಯೇ ಮುಕ್ತಾಯದ ದಿನಾಂಕ. 2019ರ ತಿದ್ದುಪಡಿಯ ನಂತರ 55 ದಾಟಿದವರಿಗೆ ಡಿಎಲ್ ಸಿಗುವುದು ಐದೈದು ವರ್ಷಕ್ಕೆ. ಆರು ತಿಂಗಳಿಗೆಂದು ಮಗನ ಮನೆಗೆ ಹೋದ ಹಿರಿಯರ ಡಿಎಲ್ ಅಲ್ಲಿದ್ದಾಗಲೇ ಮುಗಿಯುವ ಸಾಧ್ಯತೆ ಸಾಕಷ್ಟಿದೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. 40 ದಾಟಿದವರು ಅದಕ್ಕೆ 1ಎ ನಮೂನೆಯ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು.

ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ಭಾರತ ಕೊಡುವ ಐಡಿಪಿ 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಸೇರಿದ್ದು. 1968ರಲ್ಲಿ ವಿಯೆನ್ನಾದಲ್ಲಿ ಇನ್ನೊಂದು ಒಪ್ಪಂದವಾಯಿತು. ಅದರಡಿ ಬೇರೆಯೇ ಐಡಿಪಿ ಇದೆ. ಈ ವ್ಯತ್ಯಾಸ ಪುಸ್ತಕದ ಮಾತಿನಂತೆ ಕಾಣುತ್ತದೆ, ಆದರೆ ಆಸ್ಪತ್ರೆಯ ಬಿಲ್ಲಿಗೆ ನೇರ ಸಂಬಂಧಪಟ್ಟಿದ್ದು. ಜಪಾನ್ ಒಪ್ಪುವುದು 1949ರ ಐಡಿಪಿಯನ್ನು, ಆದ್ದರಿಂದ ನಮ್ಮದು ಅಲ್ಲಿ ನಡೆಯುತ್ತದೆ. ವಿಯೆಟ್ನಾಂ ಒಪ್ಪುವುದು 1968ರದ್ದನ್ನು, ನಮ್ಮದು ಅಲ್ಲಿ ನಡೆಯುವುದಿಲ್ಲ. ಹಾಗಿದ್ದರೂ ಅಲ್ಲಿನ ಅಂಗಡಿಯವರು ಏನನ್ನೂ ಕೇಳದೆ ಬೈಕ್ ಬಾಡಿಗೆಗೆ ಕೊಡುತ್ತಾರೆ. ಬೈಕ್ ಸಿಕ್ಕಿತೆಂದರೆ ಅನುಮತಿ ಸಿಕ್ಕಿತೆಂದು ಅರ್ಥವಲ್ಲ. ಬಿದ್ದು ಕಾಲು ಮುರಿದಾಗ ಪ್ರವಾಸ ವಿಮೆಯವರು ಮೊದಲು ಕೇಳುವುದೇ ಆ ದೇಶದಲ್ಲಿ ಊರ್ಜಿತವಾದ ಲೈಸೆನ್ಸ್. ಅದಿಲ್ಲವೆಂದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಬೇರೆ ಕಾರಣ ಬೇಕಿಲ್ಲ. ಅಲ್ಲಿನ ಹಾ ಜಿಯಾಂಗ್‌ನ ಬೆಟ್ಟದ ರಸ್ತೆ ನೋಡಲೇಬೇಕೆನ್ನುವವರು ಸ್ಥಳೀಯ ಸವಾರನ ಹಿಂದೆ ಕುಳಿತು ಹೋಗಿ. ಥಾಯ್ಲೆಂಡಿನಲ್ಲಿ ನಮ್ಮ ಐಡಿಪಿಗೆ ಮನ್ನಣೆಯಿದೆ. ಆದರೆ ಸ್ಕೂಟರ್ ಓಡಿಸಲು ಅದರಲ್ಲಿ ದ್ವಿಚಕ್ರ ವಾಹನದ ವರ್ಗಕ್ಕೂ ಮುದ್ರೆ ಬಿದ್ದಿರಬೇಕು. ಕಾರಿನ ಡಿಎಲ್ ಮಾತ್ರ ಇರುವವರಿಗೆ ಅದು ಸಿಗುವುದಿಲ್ಲ.

ಚೀನಾ ಯಾವ ಐಡಿಪಿಯನ್ನೂ ಮಾನ್ಯ ಮಾಡುವುದಿಲ್ಲ. ಶ್ರೀಲಂಕಾದಲ್ಲಿ ಐಡಿಪಿ ಇದ್ದರೂ ಅದರ ಮೇಲೆ ಸ್ಥಳೀಯ ಮಾನ್ಯತೆ ಪಡೆಯಬೇಕು. ನೇಪಾಳದಲ್ಲಿ ನಮ್ಮ ಡಿಎಲ್ ಸಾಕು, ಆದರೆ ನಿಮ್ಮದೇ ಗಾಡಿ ತೆಗೆದುಕೊಂಡು ಹೋದರೆ ಗಡಿಯ ಕಸ್ಟಮ್ಸ್ ಕಚೇರಿಯಲ್ಲಿ ದಿನದ ಲೆಕ್ಕದಲ್ಲಿ ಭನ್ಸಾರ್ ಎಂಬ ಸುಂಕ ಕಟ್ಟಬೇಕು. ಬ್ರಿಟನ್‌ನಲ್ಲಿ ಭಾರತದ ಡಿಎಲ್ ಹಿಡಿದ ಪ್ರವಾಸಿ ದೇಶಕ್ಕೆ ಕಾಲಿಟ್ಟ ದಿನದಿಂದ 12 ತಿಂಗಳು ಕಾರು ಓಡಿಸಬಹುದು. ಇಟಲಿಯಲ್ಲಿ ಐಡಿಪಿ ಕಡ್ಡಾಯ.

ಪ್ರವಾಸಿಗೂ ನೆಲೆಸಿದವರಿಗೂ ಕಾನೂನು ಬೇರೆ ಎನ್ನುವುದನ್ನು ಮರೆಯಬಾರದು. ಮಂಗಳೂರು, ಉಡುಪಿ, ಭಟ್ಕಳದಿಂದ ದುಬೈಗೆ ಹೋಗುವವರಿಗೆ ಇದು ಚೆನ್ನಾಗಿ ಗೊತ್ತು. ವಿಸಿಟ್ ವೀಸಾದ ಮೇಲೆ ಹೋದವರು ಡಿಎಲ್ ಮತ್ತು ಐಡಿಪಿ ಇಟ್ಟುಕೊಂಡು ಬಾಡಿಗೆ ಕಾರು ಓಡಿಸಬಹುದು. ರೆಸಿಡೆನ್ಸ್ ವೀಸಾ ಆದ ಮೇಲೆ ಅಲ್ಲಿನ ಪರೀಕ್ಷೆ ಪಾಸಾಗಿ ಅಲ್ಲಿನ ಲೈಸೆನ್ಸನ್ನೇ ಪಡೆಯಬೇಕು. ಜರ್ಮನಿಯಲ್ಲಿ ನೆಲೆಸಿದವರಿಗೆ ಭಾರತದ ಡಿಎಲ್ ನಡೆಯುವುದು ಆರು ತಿಂಗಳು. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸಿ ತನ್ನ ದೇಶದ ಡಿಎಲ್ ಊರ್ಜಿತವಿರುವಷ್ಟು ಕಾಲ ಓಡಿಸಬಹುದು, ಆದರೆ ಕೆಲಸಕ್ಕೆ ಸೇರಿ ಅಲ್ಲೇ ನೆಲೆ ನಿಂತವರು ಹತ್ತು ದಿನದೊಳಗೆ ಅಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಟೆಕ್ಸಸ್‌ನಲ್ಲಿ ಹೊಸದಾಗಿ ನೆಲೆಸಿದವರಿಗೆ 90 ದಿನದ ಅವಕಾಶ. ಅಮೆರಿಕ ಒಂದೇ ದೇಶವಾದರೂ ರಸ್ತೆಯ ವಿಷಯಕ್ಕೆ ಐವತ್ತು ರಾಜ್ಯ, ಐವತ್ತು ಕಾನೂನು. ಹೋಗುವ ರಾಜ್ಯದ ಸಾರಿಗೆ ಇಲಾಖೆಯ ಚಾಲಕರ ಕೈಪಿಡಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ವಿಮಾನದಲ್ಲಿ ಸಿನಿಮಾ ನೋಡುವ ಬದಲು ಅದನ್ನು ಓದಿಕೊಂಡರೆ ಮಕ್ಕಳಿಗೂ ನೆಮ್ಮದಿ.

ನಿಲ್ಲುವುದನ್ನು ಕಲಿಯಬೇಕು

ನಮ್ಮ ರಸ್ತೆಗಳಲ್ಲಿ ಪಳಗಿದ ಚಾಲಕರಿಗೆ ಕೈಚಳಕ ಕಡಿಮೆಯಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಬದುಕಿದವರಿಗೆ ಗಾಡಿ ನಿಭಾಯಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ನಾವು ಕಲಿತಿರುವುದು ಜಾಗ ಕಂಡಲ್ಲಿ ನುಗ್ಗುವ ವಿದ್ಯೆ. ಗೇರ್ ಇಳಿಸಿ, ನಿಧಾನಿಸಿ, ಪೂರ್ತಿ ನಿಲ್ಲದೆ ತೂರಿಹೋಗುವುದು ಇಲ್ಲಿ ಜಾಣತನ. ಹೊರದೇಶದಲ್ಲಿ ಅಪಘಾತವಾಗುವುದೂ ದಂಡ ಬೀಳುವುದೂ ಹೆಚ್ಚಾಗಿ ನಿಲ್ಲಬೇಕಾದಲ್ಲಿ ನಿಲ್ಲದೇ ಇದ್ದುದಕ್ಕೆ. ವಿದೇಶಿ ರಸ್ತೆ ನಿಯಮಗಳಲ್ಲಿ ಒಂದನ್ನೇ ಕಲಿಯಲು ಸಮಯವಿದ್ದರೆ, ಯಾರು ಯಾರಿಗಾಗಿ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಕಲಿಯಿರಿ.

ಅಮೆರಿಕದ ಬಡಾವಣೆಗಳಲ್ಲಿ ಸಿಗ್ನಲ್‌ಗಿಂತ ಹೆಚ್ಚು ಕಾಣುವುದು ಕೆಂಪು ಎಂಟು ಮೂಲೆಯ ಸ್ಟಾಪ್ ಫಲಕ. ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಲೇಬೇಕು. ನಾಲ್ಕೂ ದಿಕ್ಕಿಗೆ ಈ ಫಲಕವಿರುವ ಕೂಡುರಸ್ತೆಯಲ್ಲಿ ಮೊದಲು ಬಂದು ನಿಂತವರು ಮೊದಲು ಹೊರಡುತ್ತಾರೆ. ಇಬ್ಬರು ಒಟ್ಟಿಗೆ ಬಂದರೆ ಬಲಗಡೆಯವರಿಗೆ ದಾರಿ. ಅಲ್ಲಿ ನಿಮ್ಮ ಸರದಿ ಬಂದಾಗ ಹೊರಡದೆ ಕೂತರೂ ಬೇರೆಯವರು ಗೊಂದಲಕ್ಕೆ ಬೀಳುತ್ತಾರೆ. ಕೆಂಪು ದೀಪವಿದ್ದರೂ ಪೂರ್ತಿ ನಿಂತು, ನೋಡಿ, ಬಲಕ್ಕೆ ತಿರುಗಲು ಹೆಚ್ಚಿನ ಕಡೆ ಅವಕಾಶವಿದೆ. ನಿಷೇಧದ ಫಲಕವಿದ್ದರೆ ಇಲ್ಲ. ನ್ಯೂಯಾರ್ಕ್ ನಗರದಲ್ಲಿ ಮಾತ್ರ ಇದು ತಿರುಗುಮುರುಗು, ಅನುಮತಿಯ ಫಲಕವಿದ್ದರಷ್ಟೇ ತಿರುಗಬಹುದು. ಎಡಕ್ಕೆ ತಿರುಗುವಾಗ ಇನ್ನೊಂದು ಎಚ್ಚರ ಬೇಕು. ಬಾಣದ ಗುರುತಿಲ್ಲದ ಬರೀ ಹಸಿರು ದೀಪವಿದ್ದರೆ ಎದುರಿನಿಂದ ನೇರ ಬರುವವರಿಗೆಲ್ಲ ದಾರಿ ಬಿಟ್ಟ ಮೇಲೆಯೇ ನಿಮ್ಮ ತಿರುವು.

ಹಳದಿ ಶಾಲಾ ಬಸ್ಸಿನ ಕೆಂಪು ದೀಪಗಳು ಮಿನುಗುತ್ತಿವೆ, ಪಕ್ಕದಿಂದ ಪುಟ್ಟ ಸ್ಟಾಪ್ ಫಲಕ ಹೊರಚಾಚಿದೆ ಎಂದಾದರೆ ಹಿಂದಿನವರೂ ಎದುರಿನವರೂ ನಿಲ್ಲಬೇಕು. ನಡುವೆ ಡಿವೈಡರ್ ಇದ್ದಾಗ ಎದುರಿನವರಿಗೆ ಅನೇಕ ರಾಜ್ಯಗಳಲ್ಲಿ ವಿನಾಯಿತಿ ಉಂಟು, ನ್ಯೂಯಾರ್ಕ್ ರಾಜ್ಯದಲ್ಲಿ ಅದೂ ಇಲ್ಲ. ಮಗು ರಸ್ತೆ ದಾಟುವ ಹೊತ್ತು ಅದು. ಈ ಒಂದು ನಿಯಮದಲ್ಲಿ ಅಲ್ಲಿನವರು ಯಾರಿಗೂ ರಿಯಾಯಿತಿ ತೋರಿಸುವುದಿಲ್ಲ, ತೋರಿಸಲೂಬಾರದು. ಆಂಬುಲೆನ್ಸ್, ಅಗ್ನಿಶಾಮಕ ಗಾಡಿ ಬಂದರೆ ಬಲಕ್ಕೆ ಸರಿದು ನಿಲ್ಲಿ. ಬದಿಯಲ್ಲಿ ದೀಪ ಮಿನುಗಿಸುತ್ತ ನಿಂತ ಪೊಲೀಸ್ ಅಥವಾ ತುರ್ತು ವಾಹನ ಕಂಡರೆ ಪಕ್ಕದ ಲೇನಿಗೆ ಹೋಗಿ, ಆಗದಿದ್ದರೆ ವೇಗ ತಗ್ಗಿಸಿ. ಪೊಲೀಸರು ನಿಮ್ಮ ಹಿಂದೆಯೇ ದೀಪ ಹಾಕಿದರೆ ಬಲಬದಿಗೆ ನಿಲ್ಲಿಸಿ ಸೀಟಿನಲ್ಲೇ ಕುಳಿತಿರಿ, ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ನಮ್ಮಲ್ಲಿ ಇಳಿದು ಹೋಗಿ "ಸಾರ್" ಎನ್ನುವುದು ಮರ್ಯಾದೆ. ಅಲ್ಲಿ ಕೇಳದೆ ಇಳಿದರೆ, ಡ್ಯಾಶ್‌ಬೋರ್ಡಿನ ಕಡೆಗೆ ಕೈ ಚಾಚಿದರೆ, ಅವರಿಗೆ ಅದು ಬೆದರಿಕೆಯಾಗಿ ಕಾಣುತ್ತದೆ. ಕಾಗದ ಕೇಳಿದಾಗ, ಎಲ್ಲಿದೆ ಎಂದು ಮೊದಲು ಬಾಯಲ್ಲಿ ಹೇಳಿ ಆಮೇಲೆ ತೆಗೆಯಿರಿ.

ಬ್ರಿಟನ್‌ನಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರವಾದ್ದರಿಂದ ಧೈರ್ಯ ಹೆಚ್ಚು. ಅಲ್ಲಿಯ ರೌಂಡಬೌಟ್‌ನಲ್ಲಿ ಬಲದಿಂದ ಬರುವವರಿಗೆ ದಾರಿ ಬಿಟ್ಟು ಒಳಗೆ ಸೇರಬೇಕು. ಒಳಗಿದ್ದವರಿಗೆ ಮೊದಲ ಹಕ್ಕು. 2022ರ ಜನವರಿಯಿಂದ, ಪಕ್ಕದ ರಸ್ತೆಗೆ ತಿರುಗುವಾಗ ಅದನ್ನು ದಾಟಲು ಕಾದು ನಿಂತ ಪಾದಚಾರಿಗೂ ನೀವೇ ದಾರಿ ಬಿಡಬೇಕು. ವೇಗದ ಲೆಕ್ಕ ಮೈಲಿಯಲ್ಲಿ. ಮನೆಗಳಿರುವ ಪ್ರದೇಶದಲ್ಲಿ ಸಾಮಾನ್ಯವಾಗಿ 30, ಮೋಟರ್‌ವೇಯಲ್ಲಿ 70. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಆ 30 ಇಳಿದು 20 ಆಗಿದೆ. ಕೈಯಲ್ಲಿ ಮೊಬೈಲ್ ಹಿಡಿದರೆ 200 ಪೌಂಡ್ ದಂಡ. ಹಾರ್ನ್ ವಿಷಯ ಬೇರೆಯಾಗಿಯೇ ಹೇಳಬೇಕು. ಲಾರಿಗಳ ಬೆನ್ನ ಮೇಲೆ 'ಸೌಂಡ್ ಹಾರ್ನ್' ಓದಿ ಬೆಳೆದವರು ನಾವು. ಬ್ರಿಟನ್‌ನ ಜನವಸತಿಯಲ್ಲಿ ರಾತ್ರಿ 11.30ರಿಂದ ಬೆಳಗ್ಗೆ 7ರವರೆಗೆ ಹಾರ್ನ್ ಮಾಡುವುದೇ ನಿಷಿದ್ಧ, ಹಗಲಲ್ಲಿ ಮಾಡಿದರೂ ಬೈದಂತೆ. ಹೆಡ್‌ಲೈಟ್ ಮಿನುಗಿಸಿದರೆ ನಮ್ಮಲ್ಲಿ "ನಾನು ಬರ್ತಿದ್ದೀನಿ, ನಿಲ್ಲು" ಎಂದು, ಅಲ್ಲಿನ ರೂಢಿಯಲ್ಲಿ ಬಹುಪಾಲು "ನೀವು ಹೋಗಿ" ಎಂದು. ಈ ಎರಡರ ನಡುವೆ ಡಿಕ್ಕಿಯಾಗಲು ಒಂದು ಕ್ಷಣ ಸಾಕು.

ಜರ್ಮನಿ, ಫ್ರಾನ್ಸ್‌ನಂಥ ದೇಶಗಳಲ್ಲಿ ಫಲಕವಾಗಲಿ ಸಿಗ್ನಲ್ಲಾಗಲಿ ಇಲ್ಲದ ಸಣ್ಣ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ. ನೀವು ದೊಡ್ಡ ರಸ್ತೆಯಲ್ಲಿದ್ದೀರಿ, ಅವರು ಸಂದಿಯಿಂದ ಬರುತ್ತಿದ್ದಾರೆ ಎಂದುಕೊಂಡು ನುಗ್ಗಿದರೆ ತಪ್ಪು ನಿಮ್ಮದೇ. ಜರ್ಮನಿಯ ಆಟೊಬಾನ್‌ನ ಕೆಲವು ಭಾಗಗಳಲ್ಲಿ ವೇಗಮಿತಿಯಿಲ್ಲ ಎಂಬ ಮಾತು ನಿಜ. ಆದರೆ ಅಲ್ಲಿ 130 ಕಿ.ಮೀ.ಯನ್ನು ಸಲಹೆಯ ವೇಗವೆಂದು ಹೇಳಿದೆ, ಬಲದಿಂದ ಓವರ್‌ಟೇಕ್ ಮಾಡುವಂತಿಲ್ಲ, ಎಡ ಲೇನಿನಲ್ಲಿ ಸುಮ್ಮನೆ ಸಾಗುವಂತಿಲ್ಲ. ಟ್ರಾಫಿಕ್ ಜಾಮ್ ಆದರೆ ಎಡ ತುದಿಯ ಲೇನಿನವರು ಎಡಕ್ಕೂ ಉಳಿದವರು ಬಲಕ್ಕೂ ಸರಿದು, ನಡುವೆ ಆಂಬುಲೆನ್ಸಿಗೆ ದಾರಿ ಬಿಟ್ಟೇ ನಿಲ್ಲಬೇಕು. ಆಂಬುಲೆನ್ಸ್ ಬರುವ ಮೊದಲೇ ಹಾಗೆ ನಿಲ್ಲುತ್ತಾರೆ ಎನ್ನುವುದು ನಾವು ಇಲ್ಲಿಗೂ ತರಬೇಕಾದ ಅಭ್ಯಾಸ.

ಜಪಾನಿನಲ್ಲಿ ರೈಲ್ವೆ ಗೇಟು ತೆರೆದೇ ಇದ್ದರೂ ಹಳಿಯ ಮುಂದೆ ನಿಂತು, ಎರಡೂ ಕಡೆ ನೋಡಿಯೇ ದಾಟಬೇಕು. ಅಲ್ಲಿನ ಸ್ಟಾಪ್ ಫಲಕ ತಲೆಕೆಳಗಾದ ಕೆಂಪು ತ್ರಿಕೋನ. ನಮಗೆ ಅದು 'ದಾರಿ ಬಿಡಿ' ಫಲಕದಂತೆ ಕಾಣಬಹುದು, ಮೋಸ ಹೋಗಬೇಡಿ. ಮದ್ಯದ ಮಿತಿ ನಮ್ಮಲ್ಲಿರುವಷ್ಟೇ, 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಕುಡಿದ ಚಾಲಕನ ಪಕ್ಕ ಗೊತ್ತಿದ್ದೂ ಕುಳಿತವರಿಗೂ ಅಲ್ಲಿ ಶಿಕ್ಷೆಯುಂಟು. ಯುಎಇಯಲ್ಲಂತೂ ಒಂದು ಗುಟುಕಿಗೂ ಅವಕಾಶವಿಲ್ಲ. ಅಲ್ಲಿ ಸಿಗ್ನಲ್ ಹಾರಿದರೆ 1,000 ದಿರ್ಹಮ್ ದಂಡ, 12 ಕಪ್ಪು ಅಂಕ, ಮೇಲೆ ಗಾಡಿ ಜಪ್ತಿ. ದುಬೈನಲ್ಲಿ ಫಲಕದ ವೇಗಕ್ಕಿಂತ 20 ಕಿ.ಮೀ. ಮೇಲೆ ಹೋದರೂ ಕ್ಯಾಮೆರಾ ಹಿಡಿಯುವುದಿಲ್ಲವೆಂದು ಗೆಳೆಯರು ಹೇಳಬಹುದು. ಅದನ್ನೇ ನಂಬಿ ಅಬುಧಾಬಿಗೆ ಹೋಗಬೇಡಿ. ಆ ಸಡಿಲಿಕೆಯನ್ನು ಅಬುಧಾಬಿ 2018ರಲ್ಲೇ ತೆಗೆದುಹಾಕಿದೆ.

ಬಲಬದಿಯ ಸಂಚಾರಕ್ಕೆ ಒಗ್ಗುವುದು ಜನ ಹೆದರುವಷ್ಟು ಕಷ್ಟವಲ್ಲ. ಮುಂದೆ ಬೇರೆ ಗಾಡಿಗಳಿರುವಾಗ ಅವುಗಳ ಹಿಂದೆ ಹೋದರಾಯಿತು. ತಪ್ಪಾಗುವುದು ರಸ್ತೆ ಖಾಲಿಯಿರುವಾಗ. ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಬೆಳಗಿನ ಜಾವ ಹೋಟೆಲಿನಿಂದ ಹೊರಡುವಾಗ, ಊಟ ಮುಗಿಸಿ ಮತ್ತೆ ಕಾರು ಹತ್ತಿದಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಚಾಲಕರು ಯಾವಾಗಲೂ ರಸ್ತೆಯ ನಡುಗೆರೆಯ ಕಡೆಗೇ ಇರಬೇಕು ಎಂಬುದೊಂದನ್ನು ನೆನಪಿಟ್ಟರೆ ಯಾವ ದೇಶದಲ್ಲೂ ಬದಿ ತಪ್ಪುವುದಿಲ್ಲ. ಪಕ್ಕದಲ್ಲಿ ಕುಳಿತವರು ಪ್ರತಿ ತಿರುವಿನಲ್ಲೂ "ಬಲಗಡೆ, ಬಲಗಡೆ" ಎನ್ನುತ್ತಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಅದು ನಿಜಕ್ಕೂ ಉಪಕಾರ.

ಕಣ್ಣಿಗೆ ಕಾಣದ ಖರ್ಚು

ಇಟಲಿಯ ಫ್ಲಾರೆನ್ಸ್, ರೋಮ್, ಪೀಸಾದಂಥ ಊರುಗಳ ಹಳೆಯ ಭಾಗಗಳಿಗೆ ಹೊರಗಿನ ವಾಹನ ಪ್ರವೇಶವಿಲ್ಲ. ಬಿಳಿ ಫಲಕದಲ್ಲಿ ಕೆಂಪು ವೃತ್ತ, ಜೊತೆಗೆ 'ಝೋನಾ ಟ್ರಾಫಿಕೊ ಲಿಮಿಟಾಟೊ' ಎಂಬ ಬರಹ ಇರುತ್ತದೆ. ಗೇಟಿಲ್ಲ, ಪೊಲೀಸರಿಲ್ಲ, ಕ್ಯಾಮೆರಾ ಮಾತ್ರ. ಮ್ಯಾಪ್ ನೋಡಿಕೊಂಡು ಹೋಟೆಲ್ ಹುಡುಕುತ್ತ ಮೂರು ಬಾರಿ ಒಳಹೊಕ್ಕರೆ ಮೂರು ದಂಡ. ವಿದೇಶದಲ್ಲಿರುವವರಿಗೆ ನೋಟಿಸ್ ಕಳಿಸಲು ಅಲ್ಲಿನ ಅಧಿಕಾರಿಗಳಿಗೆ 360 ದಿನಗಳ ಅವಕಾಶವಿದೆ, ಬಾಡಿಗೆ ಕಂಪನಿ ನಿಮ್ಮ ವಿವರ ಕೊಟ್ಟಿದ್ದಕ್ಕೆ ಕಾರ್ಡಿನಿಂದ ತನ್ನ ಶುಲ್ಕವನ್ನೂ ಎಳೆದುಕೊಳ್ಳುತ್ತದೆ. ಊರ ಹೊರಗೆ ಕಾರು ನಿಲ್ಲಿಸಿ ಬಸ್ಸಿನಲ್ಲೋ ಟ್ರಾಮ್‌ನಲ್ಲೋ ಒಳಗೆ ಹೋಗುವುದೇ ಸರಿ. ಲಂಡನ್ನಿನ ನಡುಭಾಗದ ಕಂಜೆಷನ್ ಚಾರ್ಜ್‌ಗೂ ಟೋಲ್ ಬೂತ್ ಇಲ್ಲ. ನಾವೇ ನೆನಪಿಟ್ಟು ಆನ್‌ಲೈನ್‌ನಲ್ಲಿ ಕಟ್ಟಬೇಕು. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 40 ಫ್ರಾಂಕ್‌ನ ವಿನ್ಯೆಟ್ ಎಂಬ ಶುಲ್ಕದ ಚೀಟಿ ಬೇಕು. ಅಲ್ಲೇ ಬಾಡಿಗೆಗೆ ಪಡೆದ ಕಾರಿನಲ್ಲಿ ಅದು ಇರುತ್ತದೆ, ಜರ್ಮನಿಯಲ್ಲೋ ಇಟಲಿಯಲ್ಲೋ ಹಿಡಿದ ಕಾರಿಗೆ ನೀವೇ ಕೊಳ್ಳಬೇಕಾಗುತ್ತದೆ.

ಬಾಡಿಗೆ ಕಾರಿಗೆ ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಬೇಕು, ಅದರಲ್ಲಿ ಠೇವಣಿಯ ಮೊತ್ತವನ್ನು ತಡೆಹಿಡಿಯುತ್ತಾರೆ. ಯುರೋಪಿನಲ್ಲಿ ಬುಕ್ ಮಾಡುವಾಗ ಆಟೊಮ್ಯಾಟಿಕ್ ಬೇಕೆಂದು ಸ್ಪಷ್ಟವಾಗಿ ಆಯ್ದುಕೊಳ್ಳಿ, ಇಲ್ಲದಿದ್ದರೆ ಬಲಗೈಯಲ್ಲಿ ಗೇರ್ ಹಾಕುವ ಸಾಹಸವೂ ಸೇರಿಕೊಳ್ಳುತ್ತದೆ. ಮಕ್ಕಳಿದ್ದರೆ ಚೈಲ್ಡ್ ಸೀಟ್ ಕಾನೂನಿನ ಮಾತು. ಬ್ರಿಟನ್‌ನಲ್ಲಿ 12 ವರ್ಷ ಅಥವಾ 135 ಸೆಂ.ಮೀ. ಎತ್ತರ ಆಗುವವರೆಗೆ ಅದು ಬೇಕು. ತೊಡೆಯ ಮೇಲೆ ಕೂರಿಸಿಕೊಳ್ಳುವುದು ಎಲ್ಲೂ ನಡೆಯುವುದಿಲ್ಲ. ಅಮೆರಿಕದ ಬಂಕಿನ ಯಂತ್ರ ಪಿನ್‌ಕೋಡ್ ಕೇಳಿ ನಮ್ಮ ಕಾರ್ಡನ್ನು ಒಪ್ಪದಿದ್ದರೆ ಒಳಗಿನ ಕೌಂಟರ್‌ನಲ್ಲಿ ಮುಂಗಡ ಕೊಟ್ಟು ಹಾಕಿಸಿಕೊಳ್ಳಬಹುದು. ಪೈಪಿನ ಬಣ್ಣ ನೋಡಿ ಇಂಧನ ಹಾಕಬೇಡಿ. ಯುರೋಪಿನಲ್ಲಿ ಹಸಿರು ಎಂದರೆ ಪೆಟ್ರೋಲ್, ಅಮೆರಿಕದಲ್ಲಿ ಹಸಿರು ಹಲವು ಕಡೆ ಡೀಸೆಲ್. ಅಕ್ಷರ ಓದಿ.

ಹಿರಿಯರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಅಮೆರಿಕದಲ್ಲಿ ಮಗಳ ಕಾರನ್ನು ದೇವಸ್ಥಾನಕ್ಕೋ ತರಕಾರಿಗೋ ಒಯ್ಯುವ ಮೊದಲು, ಆ ಕಾರಿನ ವಿಮೆಯಲ್ಲಿ ನಿಮಗೆ ರಕ್ಷಣೆ ಇದೆಯೇ ಎಂದು ಅವಳಿಂದ ವಿಮಾ ಕಂಪನಿಗೆ ಕೇಳಿಸಿ. ಅಪರೂಪಕ್ಕೊಮ್ಮೆ ಓಡಿಸುವವರಿಗೆ ಸಾಮಾನ್ಯವಾಗಿ ವಿಮೆ ಅನ್ವಯಿಸಿದರೂ, ತಿಂಗಳುಗಟ್ಟಲೆ ಅದೇ ಮನೆಯಲ್ಲಿ ಇರುವವರ ಹೆಸರನ್ನು ಪಾಲಿಸಿಗೆ ಸೇರಿಸಬೇಕೆಂದು ಹಲವು ಕಂಪನಿಗಳು ಹೇಳುತ್ತವೆ. ಅಲ್ಲಿ ಇನ್ನೊಬ್ಬರಿಗೆ ಗಾಯವಾದರೆ ಬೀಳುವ ಪರಿಹಾರದ ಮೊತ್ತ ಒಂದು ಕುಟುಂಬದ ಜೀವಮಾನದ ಉಳಿತಾಯವನ್ನೇ ಕರಗಿಸಬಲ್ಲದು. ಬಾಡಿಗೆ ಕಾರಿಗೂ ಇದೇ ಪ್ರಶ್ನೆ ಕೇಳಿ. ಕಾರಿಗೆ ಆಗುವ ಹಾನಿಯ ರಕ್ಷಣೆ ಬೇರೆ, ಎದುರಿನವರಿಗೆ ಆಗುವ ಹಾನಿಯದು ಬೇರೆ. ಎರಡನೆಯದಿಲ್ಲದೆ ಕೀಲಿ ತೆಗೆದುಕೊಳ್ಳಬೇಡಿ.

ಅಪಘಾತವಾದರೆ ಎಷ್ಟೇ ಸಣ್ಣದಾದರೂ ಸ್ಥಳ ಬಿಟ್ಟು ಹೋಗಬಾರದು, ಅಲ್ಲೇ ಕೈಗೆ ದುಡ್ಡು ಕೊಟ್ಟು ಮುಗಿಸಿಕೊಳ್ಳಲೂಬಾರದು. ಫೋಟೊ ತೆಗೆಯಿರಿ, ಎದುರಿನವರ ವಿಮೆಯ ವಿವರ ಪಡೆಯಿರಿ, ಬಾಡಿಗೆ ಕಂಪನಿಗೆ ತಿಳಿಸಿ. ತುರ್ತು ಸಂಖ್ಯೆ ಅಮೆರಿಕದಲ್ಲಿ 911, ಬ್ರಿಟನ್‌ನಲ್ಲಿ 999, ಯುರೋಪಿನ ಒಕ್ಕೂಟದಲ್ಲಿ 112, ಆಸ್ಟ್ರೇಲಿಯಾದಲ್ಲಿ 000. ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸಿಗೆ 119.

ಕೊನೆಯದಾಗಿ ಒಂದು ಕೋರಿಕೆ. ರಾತ್ರಿಯೆಲ್ಲ ವಿಮಾನದಲ್ಲಿ ನಿದ್ದೆಗೆಟ್ಟು ಇಳಿದು, ನಿಲ್ದಾಣದಲ್ಲೇ ಬಾಡಿಗೆ ಕಾರಿನ ಕೀಲಿ ಪಡೆದು, ಗೊತ್ತಿಲ್ಲದ ಹೆದ್ದಾರಿಯಲ್ಲಿ ಗೊತ್ತಿಲ್ಲದ ಬದಿಯಲ್ಲಿ ಹೊರಡುವ ಯೋಜನೆ ಹಾಕಿದ್ದರೆ ಅದನ್ನು ಬದಲಿಸಿ. ಮೊದಲ ದಿನ ಟ್ಯಾಕ್ಸಿಯಲ್ಲೋ ರೈಲಿನಲ್ಲೋ ಹೋಗಿ ಮಲಗಿ. ಕಾರನ್ನು ಮರುದಿನ ಬೆಳಗ್ಗೆಗೆ, ಊರೊಳಗಿನ ಶಾಖೆಯಿಂದ ಬುಕ್ ಮಾಡಿ.